ಹುಲ್ಲಿಗೆ ಬಾಯಿಯೂ ಬೇಕು, ಬಿಡುವೂ ಬೇಕು

2025ರ ಜೂನ್ ಕೊನೆಯಲ್ಲಿ ಮಲೆ ಮಹದೇಶ್ವರ ವನ್ಯಧಾಮದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿಗಳು ವಿಷಕ್ಕೆ ಬಲಿಯಾದವು. ಹುಲಿ ಹೊಡೆದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು. ಆ ಘಟನೆಯ ಬೆನ್ನಿಗೇ ಕಾಡಿನೊಳಗೆ ದನ, ಕುರಿ, ಮೇಕೆ ಮೇಯಿಸುವುದನ್ನು ನಿಷೇಧಿಸುವ ಮಾತು ಸರ್ಕಾರದಿಂದ ಬಂತು. ಸಾಕಣೆಯನ್ನೇ ನಂಬಿದವರಿಂದ ವಿರೋಧವೂ ಬಂತು. ಹುಲಿ ಇರುವ ಕಾಡಿನ ಪ್ರಶ್ನೆ ಬೇರೆ. ಅದರ ನ್ಯಾಯಾನ್ಯಾಯವನ್ನು ಇಲ್ಲಿ ತೂಗುತ್ತಿಲ್ಲ. ಆದರೆ ಆ ದಿನಗಳ ಚರ್ಚೆಯ ಬಹುಪಾಲು ಒಂದು ನಂಬಿಕೆಯ ಮೇಲೆ ನಿಂತಿತ್ತು. ಮೇಯುವುದೆಂದರೆ ನೆಲಕ್ಕೆ ನಷ್ಟ, ಆ ನಷ್ಟವನ್ನು ಎಷ್ಟರ ಮಟ್ಟಿಗೆ ಸಹಿಸಬೇಕು ಎಂಬುದಷ್ಟೇ ವಾದದ ವಿಷಯ.

ಬಯಲುಸೀಮೆಯ ಹುಲ್ಲುಗಾವಲಿನಲ್ಲಿ ಈ ನಂಬಿಕೆ ನಿಲ್ಲುವುದಿಲ್ಲ. ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು, ಹಾವೇರಿ, ಬಳ್ಳಾರಿಗಳ ಕಾವಲು, ಗೋಮಾಳ, ಕುರುಚಲು ಗುಡ್ಡಗಳು ಮೇಯುವ ಪ್ರಾಣಿಗಳ ಜೊತೆಗೇ ಬೆಳೆದು ಬಂದ ನೆಲ. ಅಲ್ಲಿ ದನ ಮೇಯಬೇಕೇ ಬೇಡವೇ ಎಂದು ಕೇಳುತ್ತ ಕೂತರೆ ಉತ್ತರ ಸಿಗದು. ಯಾವಾಗ ಮೇಯಬೇಕು, ಎಷ್ಟು ಕಾಲ ಮೇಯಬೇಕು, ಮೇಯ್ದ ನೆಲಕ್ಕೆ ಎಷ್ಟು ಬಿಡುವು ಸಿಗಬೇಕು ಎಂದು ಕೇಳಬೇಕು. ಹಾಗೆ ಕೇಳಿದ ಮರುಕ್ಷಣವೇ ಇನ್ನೊಂದು ಪ್ರಶ್ನೆ ಏಳುತ್ತದೆ. ಬಿಡುವು ಕೊಡುವಷ್ಟು ನೆಲವನ್ನು ನಾವು ಉಳಿಸಿದ್ದೇವೆಯೇ? ನಮ್ಮ ಹುಲ್ಲುಗಾವಲುಗಳು ಸೊರಗಿರುವುದು ದನಕುರಿಗಳ ಬಾಯಿಂದ ಅಲ್ಲ, ಆ ಬಾಯಿಗಳನ್ನು ಬೇರೆಡೆಗೆ ಹೊಡೆದುಕೊಂಡು ಹೋಗಲು ಜಾಗವೇ ಇಲ್ಲದಂತೆ ನಾವು ಮಾಡಿದ್ದರಿಂದ ಎಂಬುದು ನನ್ನ ವಾದ.

ಮೊದಲು ಹುಲ್ಲಿನ ಸ್ವಭಾವವನ್ನು ನೋಡೋಣ. ಮರಗಿಡಗಳು ತುದಿಯಲ್ಲಿ ಚಿಗುರುತ್ತವೆ. ಹುಲ್ಲು ಬುಡದಲ್ಲಿ, ಮಣ್ಣಿಗೆ ತಾಗಿದಂತೆ ಇರುವ ಬೆಳವಣಿಗೆಯ ಕಣ್ಣುಗಳಿಂದ ಮೇಲೇಳುತ್ತದೆ. ಎಲೆಯ ತುದಿಯನ್ನು ಹಸು ಕಿತ್ತು ತಿಂದರೂ ಗಿಡದ ಜೀವಾಳಕ್ಕೆ ಪೆಟ್ಟು ಬೀಳುವುದಿಲ್ಲ. ಒಣಗಿ ನಿಂತ ಹಳೆಯ ಹುಲ್ಲನ್ನು ಯಾರೂ ಮೇಯದಿದ್ದರೆ ಅದೇ ಹೊದಿಕೆಯಾಗಿ ಕೂತು, ಬುಡಕ್ಕೆ ಬಿಸಿಲು ತಾಗದಂತೆ ತಡೆದು, ಹೊಸ ತೆಂಡೆಗಳನ್ನು ಉಸಿರುಗಟ್ಟಿಸುತ್ತದೆ. ಹದವಾಗಿ ಮೇಯ್ದ ನೆಲದಲ್ಲಿ ಬೆಳಕು ಒಳಗಿಳಿಯುತ್ತದೆ. ಗೊರಸು ತುಳಿದಲ್ಲಿ ಬೀಜ ಮಣ್ಣಿಗೆ ಸೇರುತ್ತದೆ. ಸಗಣಿ, ಹಿಕ್ಕೆಗಳು ಬಿದ್ದಲ್ಲಿ ಸಗಣಿ ಹುಳುಗಳು ಬಿಲ ತೋಡಿ ಗೊಬ್ಬರವನ್ನು ಬೇರಿನ ಹತ್ತಿರಕ್ಕೇ ಒಯ್ಯುತ್ತವೆ.

ಇದಿಷ್ಟನ್ನೇ ಹೇಳಿ ನಿಲ್ಲಿಸಿದರೆ ಅದು ಅರ್ಧಸತ್ಯ. ಹುಲ್ಲಿನ ತಾಳಿಕೆಗೊಂದು ಮಿತಿಯಿದೆ. ಅಮೆರಿಕದ ಮಣ್ಣು ಸಂರಕ್ಷಣಾ ಸೇವೆಯ ಫ್ರಾಂಕ್ಲಿನ್ ಕ್ರೈಡರ್ 1955ರಲ್ಲಿ ಪ್ರಕಟಿಸಿದ ಪ್ರಯೋಗಗಳು ಆ ಮಿತಿಯನ್ನು ಅಂಕಿಯಲ್ಲೇ ತೋರಿಸಿದವು. ಹುಲ್ಲಿನ ಎಲೆಯ ಅರ್ಧದಷ್ಟನ್ನು ಕತ್ತರಿಸಿದಾಗ ಬೇರಿನ ಬೆಳವಣಿಗೆಗೆ ಹೆಚ್ಚೇನೂ ಅಡ್ಡಿಯಾಗಲಿಲ್ಲ. ಶೇ. 80ರಷ್ಟನ್ನು ಒಮ್ಮೆಲೇ ತೆಗೆದಾಗ ಬೇರು 12 ದಿನಗಳ ಕಾಲ ಬೆಳೆಯುವುದನ್ನೇ ನಿಲ್ಲಿಸಿತು. ಬೇರು ನಿಂತಿರುವಾಗಲೇ ಇನ್ನೊಂದು ಬಾಯಿ ಬಂದು ಚಿಗುರನ್ನು ಕಚ್ಚಿದರೆ ಗಿಡ ತನ್ನ ಉಳಿತಾಯವನ್ನೆಲ್ಲ ಖರ್ಚು ಮಾಡಿ ಸೋಲುತ್ತದೆ. ಅರ್ಧ ಮೇಯಿಸು, ಅರ್ಧ ಬಿಡು ಎಂಬ ಹುಲ್ಲುಗಾವಲು ನಿರ್ವಹಣೆಯ ಸೂತ್ರದ ಹಿಂದಿರುವುದು ಈ ತಿಳಿವು. ಫ್ರಾನ್ಸಿನ ಆಂದ್ರೆ ವೊಯ್ಸಾನ್ 1957ರ ತಮ್ಮ ಪುಸ್ತಕದಲ್ಲಿ ಇದನ್ನು ಕಾಲದ ಲೆಕ್ಕವಾಗಿ ವಿವರಿಸಿದರು. ದನಗಳ ಸಂಖ್ಯೆಯಷ್ಟೇ ಅಲ್ಲ, ಅವು ಒಂದೇ ಜಾಗದಲ್ಲಿ ಎಷ್ಟು ಹೊತ್ತು ನಿಲ್ಲುತ್ತವೆ, ಎಷ್ಟು ದಿನಗಳ ನಂತರ ಅಲ್ಲಿಗೆ ಮರಳುತ್ತವೆ ಎಂಬುದೂ ಹುಲ್ಲಿನ ಬದುಕನ್ನು ನಿರ್ಧರಿಸುತ್ತದೆ ಎಂದು ತೋರಿಸಿದರು.

ಇನ್ನು ಹಕ್ಕಿ, ಮೃಗಗಳ ಮಾತು. ಹುಲ್ಲುಗಾವಲು ಎಂದ ಕೂಡಲೇ ಒಂದೇ ಎತ್ತರಕ್ಕೆ ಹಾಸಿದ ಹಸಿರನ್ನು ಕಲ್ಪಿಸಿಕೊಳ್ಳುತ್ತೇವೆ. ಅಂಥ ಏಕರೂಪದ ನೆಲ ಬಹಳ ಜೀವಿಗಳಿಗೆ ಪ್ರಯೋಜನಕ್ಕೆ ಬಾರದು. ಇಂಡಿಯನ್ ಕೋರ್ಸರ್, ನೆಲಗುಬ್ಬಿಗಳಿಗೆ ಗಿಡ್ಡ ಹುಲ್ಲಿನ, ಅಲ್ಲಲ್ಲಿ ಬೋಳಾದ ನೆಲ ಬೇಕು. ಲಾವುಗೆಗೆ ಮರೆಯಾಗುವಷ್ಟು ಎತ್ತರದ ಹುಲ್ಲು ಬೇಕು. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬರುವ ಹ್ಯಾರಿಯರ್ ಗಿಡುಗಗಳು ಹಗಲೆಲ್ಲ ಬಯಲಲ್ಲಿ ಮಿಡತೆ ಹಿಡಿದು ತಿಂದು, ರಾತ್ರಿ ಎತ್ತರದ ಹುಲ್ಲಿನ ನಡುವೆ ನೆಲದ ಮೇಲೆಯೇ ತಂಗುತ್ತವೆ. ಕೃಷ್ಣಮೃಗಕ್ಕೆ ದೂರದವರೆಗೆ ಕಣ್ಣು ಹಾಯುವ ಬಯಲು ಬೇಕು, ಅದರ ಎಳೆ ಮರಿಗೆ ಅಡಗಲು ಮರೆ ಬೇಕು. ಒಂದೇ ಕಾವಲಿನಲ್ಲಿ ಇವೆಲ್ಲ ಒಟ್ಟಿಗೆ ಸಿಗಬೇಕಾದರೆ ಒಂದು ಪಾಲು ಈಗಷ್ಟೇ ಮೇಯ್ದದ್ದಾಗಿರಬೇಕು, ಇನ್ನೊಂದು ಚಿಗುರುತ್ತಿರಬೇಕು, ಮತ್ತೊಂದು ಆ ವರ್ಷ ಬಾಯಿ ತಾಗದೆ ಬೀಜ ಕಟ್ಟಿ ನಿಂತಿರಬೇಕು. ಎಲ್ಲೆಡೆ ಬೇಲಿ ಹಾಕಿದರೆ ನೆಲ ಏಕರೂಪವಾಗುತ್ತದೆ. ಎಲ್ಲೆಡೆ ಸದಾಕಾಲ ಮೇಯಿಸಿದರೂ ಏಕರೂಪವಾಗುತ್ತದೆ. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಸರದಿಯಾಗಿ ಮೇಯಿಸಿದಾಗ ಮಾತ್ರ ನೆಲದಲ್ಲಿ ವೈವಿಧ್ಯ ಉಳಿಯುತ್ತದೆ.

ಬೇಲಿಯೊಂದೇ ಪರಿಹಾರ ಎಂದು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ದೊಡ್ಡ ಪಾಠವಿದೆ. ರಾಜಸ್ಥಾನದ ಭರತಪುರದ ಕೇವಲಾದೇವ್ ಹಕ್ಕಿಧಾಮ ರಾಷ್ಟ್ರೀಯ ಉದ್ಯಾನವಾದ ಬಳಿಕ, 1982ರಲ್ಲಿ, ಅಲ್ಲಿ ದನ, ಎಮ್ಮೆ ಮೇಯಿಸುವುದನ್ನು ಪೂರ್ತಿ ನಿಲ್ಲಿಸಲಾಯಿತು. ಸುತ್ತಲಿನ ಹಳ್ಳಿಗರು ಪ್ರತಿಭಟಿಸಿದಾಗ ಪೊಲೀಸರ ಗುಂಡಿಗೆ ಹಲವರು ಪ್ರಾಣ ಕಳೆದುಕೊಂಡರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಅಲ್ಲಿ ನಡೆಸಿದ ದಶಕದ ಅಧ್ಯಯನ ಕೊನೆಗೆ ತಿಳಿಸಿದ್ದೇನು? ಎಮ್ಮೆಗಳು ಹೋದ ಮೇಲೆ ಪ್ಯಾಸ್ಪಾಲಮ್ ಎಂಬ ನೀರುಹುಲ್ಲು ಅಡೆತಡೆಯಿಲ್ಲದೆ ಹಬ್ಬಿ ಕೊಳಗಳನ್ನು ಮುಚ್ಚಿಹಾಕಿತ್ತು. ತೆರೆದ ನೀರನ್ನು ನಂಬಿದ್ದ ಹಕ್ಕಿಗಳಿಗೇ ಅದರಿಂದ ತೊಂದರೆಯಾಗಿತ್ತು. ಹಕ್ಕಿಗಳ ರಕ್ಷಣೆಗೆಂದು ಮಾಡಿದ ನಿಷೇಧ ಹಕ್ಕಿಗಳ ನೆಲೆಯನ್ನೇ ಕೆಡಿಸಿತ್ತು. ಎಮ್ಮೆ ಅಲ್ಲಿ ಕಳ್ಳತನದಿಂದ ಮೇಯುವ ಪ್ರಾಣಿಯಾಗಿರಲಿಲ್ಲ, ಆ ಜೌಗಿನ ಕೆಲಸಗಾರನಾಗಿತ್ತು. ಭರತಪುರ ಜೌಗು ನೆಲ, ನಮ್ಮದು ಒಣ ನೆಲ. ಅಲ್ಲಿನದನ್ನು ಇಲ್ಲಿಗೆ ಹಾಗೆಯೇ ಹೊಂದಿಸಲಾಗದು. ಆದರೆ ಮೇಯುವುದನ್ನು ತೆಗೆದುಬಿಟ್ಟರೆ ಪ್ರಕೃತಿ ತಾನಾಗಿ ಸರಿಹೋಗುತ್ತದೆ ಎಂಬ ಲೆಕ್ಕ ಎಷ್ಟು ದುಬಾರಿಯಾಗಬಹುದು ಎಂಬುದನ್ನು ಅದು ತೋರಿಸಿಕೊಟ್ಟಿದೆ.

ಸರದಿಯ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಅಮೃತ ಮಹಲ್ ಕಾವಲುಗಳ ಇತಿಹಾಸ ತೆರೆದರೆ ಇದು ಸ್ಪಷ್ಟವಾಗುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳ ನಿರ್ವಹಣೆಗೆ ಬೆಣ್ಣೆ ಚಾವಡಿ ಎಂಬ ಇಲಾಖೆಯೇ ಇತ್ತು. ಹೈದರಾಲಿ ಆ ಹಿಂಡನ್ನು ಬೆಳೆಸಿ ಸೈನ್ಯದ ಸಾಗಣೆಗೆ ಬಳಸಿದ. ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಫಿರಂಗಿ ಎಳೆಯುವ ಆ ಎತ್ತುಗಳ ವೇಗ, ಕಸುವುಗಳನ್ನು ಹೊಗಳದ ಇತಿಹಾಸಕಾರರಿಲ್ಲ. ನಮ್ಮ ಚರ್ಚೆಗೆ ಅದಕ್ಕಿಂತ ಮುಖ್ಯವಾದದ್ದು ಅವನ್ನು ಸಾಕಿದ ಬಗೆ. ಕಾವಲುಗಳನ್ನು ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಲಾಗಿತ್ತು. ಬೇಸಿಗೆ ಕಾವಲೆಂದರೆ ಹೆಚ್ಚಾಗಿ ಕೆರೆಯಂಗಳ. ನೀರು ಇಳಿದಂತೆ ಅಲ್ಲಿ ಹಸಿ ಹುಲ್ಲು ಏಳುತ್ತದೆ, ಬಿಸಿಲ ಹೊತ್ತಿಗೆ ಮರದ ನೆರಳಿರುತ್ತದೆ. ಮಳೆ ಬಿದ್ದ ಮೇಲೆ ಹಿಂಡು ಬೇರೆ ನೆಲಕ್ಕೆ ಹೊರಡುತ್ತಿತ್ತು. ಹೀಗೆ ಹಿಂಡು ನಡೆಯುತ್ತಿದ್ದಾಗ, ಅದು ಬಿಟ್ಟುಬಂದ ನೆಲ ಸುಮ್ಮನೆ ವಿಶ್ರಾಂತಿ ಪಡೆಯುತ್ತಿತ್ತು. ಯಾವ ಪ್ರಯೋಗಾಲಯವೂ ಇಲ್ಲದ ಕಾಲದಲ್ಲಿ, ಹಿಂಡು ಕಾಯುವವರ ಅನುಭವದಿಂದ ಹುಟ್ಟಿದ ವ್ಯವಸ್ಥೆ ಇದು.

ಅದು ಆಡಳಿತದ ಒಂದು ಸಹಿಗೆ ಎಷ್ಟು ಸುಲಭವಾಗಿ ಬಲಿಯಾಗಬಲ್ಲದು ಎಂಬುದೂ ಅದೇ ಇತಿಹಾಸದಲ್ಲಿದೆ. 1860ರಲ್ಲಿ ಖರ್ಚು ಉಳಿಸಲೆಂದು ಬ್ರಿಟಿಷ್ ಆಡಳಿತ ಹಿಂಡನ್ನು ಮಾರಿ ಚದುರಿಸಿತು. ಆರು ವರ್ಷಗಳಲ್ಲೇ ತಪ್ಪು ಅರಿವಾಗಿ 1866ರಲ್ಲಿ ಉಳಿದ ದನಗಳನ್ನು ಹುಡುಕಿ ಕೊಂಡು ಮತ್ತೆ ಹಿಂಡು ಕಟ್ಟಬೇಕಾಯಿತು. ದನವನ್ನು ಹಾಗೆ ಮರಳಿ ಕೊಳ್ಳಬಹುದು. ಉತ್ತ ಹುಲ್ಲುಗಾವಲನ್ನು ಹಾಗೆ ಕೊಳ್ಳಲಾಗದು.

ಅರಮನೆಯ ಹಿಂಡಿಗೆ ಕಾವಲುಗಳಿದ್ದರೆ, ಕುರುಬ, ಗೊಲ್ಲ ಕುರಿಗಾಹಿಗಳಿಗೆ ಇಡೀ ನಾಡೇ ಸರದಿಯ ನೆಲವಾಗಿತ್ತು. ಬೆಳಗಾವಿ, ಬಾಗಲಕೋಟೆ, ಚಿತ್ರದುರ್ಗದ ಕಡೆಯ ದಖನಿ ಕುರಿಗಳ ಹಿಂಡುಗಳು ಮಳೆಯ ಲೆಕ್ಕ ಹಿಡಿದು ನಡೆಯುತ್ತವೆ. ಒಂದೆಡೆ ಬೀಡು ಬಿಟ್ಟು, ಮೇವು ತೀರುವ ಮೊದಲೇ ಹಟ್ಟಿ ಕಿತ್ತು, ಕುದುರೆಯ ಮೇಲೋ ಕತ್ತೆಯ ಮೇಲೋ ಹೇರು ಹೇರಿ ಮುಂದಕ್ಕೆ ಹೋಗುತ್ತವೆ. ಸುಗ್ಗಿ ಮುಗಿದ ಹೊಲದವರು ಅವರನ್ನು ಕರೆದು ರಾತ್ರಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಕುರಿ ಹಗಲು ಹೊಲದ ಕೂಳೆ, ಕಳೆ, ಉದುರಿದ ಎಲೆಗಳನ್ನು ತಿನ್ನುತ್ತದೆ. ರಾತ್ರಿ ಹಿಕ್ಕೆ, ಮೂತ್ರ ಎರಡೂ ಅದೇ ಹೊಲದ ಮಣ್ಣಿಗೆ ಬೀಳುತ್ತವೆ. ಗಾಡಿ, ಕೂಲಿ, ಸಾಗಣೆ ಯಾವುದರ ಖರ್ಚೂ ಇಲ್ಲ. ಒಣಬೇಸಾಯದ ಮಣ್ಣಿನಲ್ಲಿ ಸಾವಯವ ಅಂಶ ತಳ ಮುಟ್ಟಿರುವ ಈ ದಿನಗಳಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಸಮನಾಗಿ ಹರಡುವ ಗೊಬ್ಬರ ಬೇರೊಂದಿಲ್ಲ. ಅದಕ್ಕೆ ಪ್ರತಿಯಾಗಿ ಕುರಿಗಾಹಿಗೆ ಕಾಳೋ ಕಾಸೋ ಸಿಗುತ್ತದೆ.

ಹುಲ್ಲುಗಾವಲಿಗೂ ಹೊಲದ ಇಳುವರಿಗೂ ಇರುವ ಸಂಬಂಧ ಇಲ್ಲಿದೆ. ಹಿಂಡು ಹೊಲದಲ್ಲಿ ಬೀಡು ಬಿಟ್ಟಿರುವಷ್ಟು ದಿನ ಕಾವಲಿಗೆ ಬಿಡುವು. ಬೆಳೆ ನಿಂತಿರುವಾಗ ಹಿಂಡಿಗೆ ಕಾವಲಿನ ಆಸರೆ. ಎರಡರಲ್ಲಿ ಒಂದನ್ನು ಕಳೆದರೆ ಇನ್ನೊಂದೂ ಕುಸಿಯುತ್ತದೆ. ಕಾವಲು ಹೋದರೆ ಮುಂಗಾರಿನ ತಿಂಗಳುಗಳಲ್ಲಿ ಕುರಿಗೆ ನಿಲ್ಲಲು ಜಾಗವಿಲ್ಲ. ಹಿಂಡು ಕರಗುತ್ತದೆ, ರೈತ ಗೊಬ್ಬರದಂಗಡಿಯ ಮುಂದೆ ಸಾಲು ನಿಲ್ಲುತ್ತಾನೆ. ಕೊಳವೆಬಾವಿ ಬಂದು ಹೊಲಕ್ಕೆ ಎರಡನೆಯ ಬೆಳೆ ಸೇರಿದರೆ, ಸುಗ್ಗಿಯ ನಂತರದ ಕೂಳೆ ಮೇವು ಇಲ್ಲವಾಗುತ್ತದೆ. ಹಿಂಡು ವರ್ಷಪೂರ್ತಿ ಅದೇ ಗೋಮಾಳದ ಮೇಲೆ ಬೀಳುತ್ತದೆ. ಈ ಎರಡೂ ಬಯಲುಸೀಮೆಯಲ್ಲಿ ಒಟ್ಟಿಗೆ ನಡೆದಿವೆ.

ನೆಲ ಹೋದದ್ದು ಹೇಗೆ? ಮೊದಲು ಅದಕ್ಕೆ ಪಾಳುಭೂಮಿ ಎಂದು ಹಣೆಪಟ್ಟಿ ಹಚ್ಚಲಾಯಿತು. ದೇಶದ ಪಾಳುಭೂಮಿ ನಕಾಶೆಗಳಲ್ಲಿ ಇಂದಿಗೂ ಹುಲ್ಲುಗಾವಲು, ಕುರುಚಲು ನೆಲಗಳು ಆ ಪಟ್ಟಿಯಲ್ಲೇ ಇವೆ. ಎಂ.ಡಿ. ಮಧುಸೂದನ್ ಮತ್ತು ಅಬಿ ವನಕ್ 2022ರಲ್ಲಿ ಪ್ರಕಟಿಸಿದ ನಕಾಶೆಯ ಪ್ರಕಾರ ದೇಶದ ಒಣ ಪ್ರದೇಶಗಳ ಇಂಥ ಸಹಜ ತೆರೆದ ಪರಿಸರ ಭಾರತದ ಒಟ್ಟು ನೆಲದ ಸುಮಾರು ಶೇ. 10ರಷ್ಟಿದೆ. ಅದರಲ್ಲಿ ಸಂರಕ್ಷಿತ ಪ್ರದೇಶಗಳೊಳಗೆ ಇರುವುದು ಬಹಳ ಸಣ್ಣ ಪಾಲು. ಹಣೆಪಟ್ಟಿ ಬಿದ್ದ ಮೇಲೆ ಅದನ್ನು ಉದ್ಧಾರ ಮಾಡುವ ಯೋಜನೆಗಳು ಒಂದರ ಹಿಂದೊಂದು ಬಂದವು. ರಾಣೆಬೆನ್ನೂರಿನಲ್ಲಿ ಹುಲ್ಲುಗಾವಲಿನ ಮೇಲೆ ನೀಲಗಿರಿ ನೆಟ್ಟರು. 1974ರಲ್ಲಿ ಅದು ಕೃಷ್ಣಮೃಗ ವನ್ಯಧಾಮವಾದ ಮೇಲೂ ತೋಪು ಉಳಿಯಿತು, ಬಯಲನ್ನೇ ನಂಬಿದ್ದ ಎರ್ಲಡ್ಡು ಹಕ್ಕಿ ಅಲ್ಲಿಂದ ಮಾಯವಾಯಿತು. ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದು ಜಗತ್ತು ಕರೆಯುವ ಆ ಹಕ್ಕಿ ಈಗ ರಾಜ್ಯದಲ್ಲಿ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದರೆ ಅದೇ ಹೆಚ್ಚು.

1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಹುಟ್ಟಿದಾಗ ಸುಮಾರು 30 ಸಾವಿರ ಹೆಕ್ಟೇರ್ ಸಾರ್ವಜನಿಕ ನೆಲವನ್ನು ನೀಲಗಿರಿಗೆ ಕೊಡುವ ಏರ್ಪಾಡಾಗಿತ್ತು. ಹಳ್ಳಿಗರು ಮೇವು, ಸೌದೆ ತರುತ್ತಿದ್ದ ನೆಲ ಅದು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ನಡೆಸಿ, ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಸಸಿಗಳನ್ನು ನೆಟ್ಟರು. ಸಮಾಜ ಪರಿವರ್ತನ ಸಮುದಾಯ ಮತ್ತು ಎಸ್.ಆರ್. ಹಿರೇಮಠರ ಹೋರಾಟಕ್ಕೆ ಶಿವರಾಮ ಕಾರಂತರು ದನಿಗೂಡಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದರು. ಕೊನೆಗೆ ಕಂಪನಿ ಮುಚ್ಚಿತು. ಊರಿನ ನೆಲದ ಮೇಲೆ ಊರಿಗೆ ಹಕ್ಕಿದೆ ಎಂಬುದನ್ನು ಕರ್ನಾಟಕ ದೇಶಕ್ಕೇ ತೋರಿಸಿದ ಗಳಿಗೆ ಅದು.

ಆ ಪಾಠವನ್ನು ಬಹುಬೇಗ ಮರೆತೆವು. ಚಳ್ಳಕೆರೆಯ ಸುತ್ತಲಿನ ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಸುಮಾರು 10 ಸಾವಿರ ಎಕರೆ ನೆಲ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಗೋಡೆ ಏಳುವವರೆಗೆ ಸುತ್ತಲಿನ ಊರುಗಳ ಬಹುತೇಕರಿಗೆ ವಿಷಯವೇ ಗೊತ್ತಿರಲಿಲ್ಲ. ಹಸಿರು ನ್ಯಾಯಮಂಡಳಿಯವರೆಗೂ ಹೋರಾಟ ನಡೆಯಿತು, ನೆಲ ಮರಳಲಿಲ್ಲ. ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆ ಸೌರಫಲಕಗಳ ಕೆಳಗೆ ಹೋಯಿತು. ಅದು ರೈತರು ಗುತ್ತಿಗೆಗೆ ಕೊಟ್ಟ ನೆಲವಾದರೂ, ಬೆಳೆಯಿಲ್ಲದ ತಿಂಗಳುಗಳಲ್ಲಿ ಅಲ್ಲಿ ಮೇಯುತ್ತಿದ್ದ ಕುರಿಗೆ ಯಾವ ಗುತ್ತಿಗೆಯ ಹಣವೂ ಸಿಗಲಿಲ್ಲ. ವಿಜ್ಞಾನ ಬೇಡ, ವಿದ್ಯುತ್ ಬೇಡ ಎಂದು ಯಾರೂ ಹೇಳುತ್ತಿಲ್ಲ. ಆದರೆ ಪ್ರತಿಸಲವೂ ಖಾಲಿ ನೆಲ ಎಂದು ಬೆರಳು ಹೋಗುವುದು ಹುಲ್ಲುಗಾವಲಿನ ಕಡೆಗೇ. ಕಾಯಬೇಕಾದ ಸರ್ಕಾರವೇ ಹಂಚಲು ನಿಂತದ್ದು ಬೇಲಿಯೇ ಎದ್ದು ಹೊಲ ಮೇಯ್ದ ಕಥೆ.

ಇದರ ಪರಿಣಾಮ ಹುಲ್ಲಿನ ಮೇಲೆ ಹೇಗಾಗುತ್ತದೆ ಎಂಬುದಕ್ಕೆ ಒಂದು ಸರಳ ಲೆಕ್ಕ ಸಾಕು. ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಪ್ರತಿ ಊರಿನಲ್ಲೂ 100 ಜಾನುವಾರಿಗೆ 12 ಹೆಕ್ಟೇರಿನಂತೆ ಗೋಮಾಳ ಇರಬೇಕು. ಒಣ ನೆಲದಲ್ಲಿ ಹಸುವೊಂದನ್ನು ವರ್ಷವಿಡೀ ಮೇಯಿಸಲು ಅಷ್ಟೇ ಸಾಲದು; ಅದು ಕನಿಷ್ಠ ಮಾತ್ರ. 400 ಜಾನುವಾರಿರುವ ಊರಿಗೆ 48 ಹೆಕ್ಟೇರ್ ಬೇಕು. ಅದನ್ನು ನಾಲ್ಕು ಪಾಲು ಮಾಡಿ ಸರದಿಯಲ್ಲಿ ಮೇಯಿಸಿದರೆ ಒಂದೊಂದು ಪಾಲಿಗೂ ಬಿಡುವು ಸಿಗಬಹುದು. ಅದೇ ಊರಿನಲ್ಲಿ 12 ಹೆಕ್ಟೇರ್ ಮಾತ್ರ ಉಳಿದಿದ್ದರೆ? ಅಷ್ಟೂ ದನ ಅಷ್ಟರಲ್ಲೇ, ದಿನವೂ, ಮುಂಗಾರಿನ ಮೊದಲ ಚಿಗುರಿನಿಂದಲೇ ಮೇಯಬೇಕು. ಯಾವ ಪಾಲೂ ಬೀಜ ಕಟ್ಟುವುದಿಲ್ಲ. ಮೊದಲು ಸೆಹಿಮಾ, ಡೈಕ್ಯಾಂಥಿಯಂನಂಥ ಬಹುವಾರ್ಷಿಕ ಸಿಹಿ ಹುಲ್ಲುಗಳು ಸೋಲುತ್ತವೆ. ಅವುಗಳ ಜಾಗಕ್ಕೆ ಮೊನಚು ಬೀಜದ ಹೆಟೆರೋಪೋಗಾನ್ ಬರುತ್ತದೆ, ಆಮೇಲೆ ಅರಿಸ್ಟಿಡಾದಂಥ ಸತ್ವವಿಲ್ಲದ ಹುಲ್ಲು, ಕೊನೆಗೆ ದನ ಎಲೆ ಮುಟ್ಟದ ತಂಗಡಿ, ಪಾರ್ಥೇನಿಯಂ, ಬಳ್ಳಾರಿ ಜಾಲಿ. ಆ ಹೊತ್ತಿಗೆ ಅಧಿಕಾರಿ ಬಂದು ನೋಡಿ, ಇದು ಪಾಳು ನೆಲ, ಯಾವ ಉಪಯೋಗಕ್ಕೂ ಇಲ್ಲ ಎಂದು ವರದಿ ಬರೆಯುತ್ತಾರೆ. ಮತ್ತೊಂದು ಹಂಚಿಕೆಗೆ ದಾರಿಯಾಗುತ್ತದೆ. ನೆಲ ಕುಗ್ಗಿದ್ದರಿಂದ ಹುಲ್ಲು ಕೆಟ್ಟಿತು, ಹುಲ್ಲು ಕೆಟ್ಟಿತೆಂದು ನೆಲವನ್ನು ಮತ್ತೆ ಕುಗ್ಗಿಸಲಾಯಿತು.

ಎಲ್ಲರ ನೆಲ ಯಾರ ನೆಲವೂ ಅಲ್ಲ, ಆದ್ದರಿಂದ ಅದು ಹಾಳಾಗಿಯೇ ತೀರುತ್ತದೆ ಎಂಬ ವಾದ ಇಲ್ಲಿ ಏಳುತ್ತದೆ. ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದ ಪ್ರಸಿದ್ಧ ಲೇಖನ ಆರಿಸಿಕೊಂಡದ್ದು ಹುಲ್ಲುಗಾವಲಿನ ಉದಾಹರಣೆಯನ್ನೇ. ಪ್ರತಿಯೊಬ್ಬನೂ ಇನ್ನೊಂದು ದನ ಬಿಡುತ್ತಾನೆ, ಕೊನೆಗೆ ಎಲ್ಲರೂ ಕಳೆದುಕೊಳ್ಳುತ್ತಾರೆ ಎಂದು ಅವರು ತರ್ಕಿಸಿದರು. ಆದರೆ ಎಲಿನಾರ್ ಆಸ್ಟ್ರಮ್ ಜಗತ್ತಿನ ಹಲವೆಡೆಯ ಸಾಮುದಾಯಿಕ ಸಂಪತ್ತುಗಳನ್ನು ಅಧ್ಯಯನ ಮಾಡಿ, ನಿಯಮ ರೂಪಿಸುವ ಅಧಿಕಾರ ಬಳಸುವವರ ಕೈಯಲ್ಲೇ ಇದ್ದಲ್ಲಿ ಅವು ಶತಮಾನಗಳ ಕಾಲ ಬಾಳಿವೆ ಎಂದು ತೋರಿಸಿದರು. 2009ರ ಅರ್ಥಶಾಸ್ತ್ರ ನೊಬೆಲ್ ಅವರಿಗೆ ಸಂದದ್ದು ಆ ಕೆಲಸಕ್ಕೆ. ಎನ್.ಎಸ್. ಜೋಧಾ ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳ ಒಣ ಪ್ರದೇಶದ ಹಳ್ಳಿಗಳನ್ನು ಸುತ್ತಿ 1980ರ ದಶಕದಲ್ಲಿ ಬರೆದದ್ದು ನಮಗೆ ಇನ್ನೂ ಹತ್ತಿರದ ಸಾಕ್ಷ್ಯ. ಸುಮಾರು ಮೂರು ದಶಕಗಳಲ್ಲಿ ಸಾಮುದಾಯಿಕ ನೆಲ ಮೂರನೇ ಒಂದರಿಂದ ಅರ್ಧದಷ್ಟು ಕರಗಿತ್ತು. ಅದರ ಜೊತೆಗೇ ಅದನ್ನು ಕಾಯುತ್ತಿದ್ದ ಊರ ಕಟ್ಟಳೆಗಳೂ ಸಡಿಲವಾಗಿದ್ದವು. ನಮ್ಮಲ್ಲಿ ಎಲ್ಲರ ನೆಲ ತಾನಾಗಿ ಹಾಳಾಗಲಿಲ್ಲ. ಕಾಯುವವರ ಕೈಯಿಂದ ಅಧಿಕಾರ ಕಿತ್ತುಕೊಂಡ ಮೇಲೆ ಹಾಳಾಯಿತು.

ಇನ್ನೊಂದು ವಾದ ಕೊಟ್ಟಿಗೆ ಸಾಕಣೆಯದು. ದನವನ್ನು ಕಟ್ಟಿಹಾಕಿ ಮೇವು ಕೊಟ್ಟರೆ ಹಾಲು ಹೆಚ್ಚು, ಗೋಮಾಳದ ಹಂಗೂ ಇಲ್ಲ ಎನ್ನುತ್ತಾರೆ. ನೀರಾವರಿ ಇರುವ, ಡೈರಿಗೆ ಹಾಲು ಹಾಕುವ ಮನೆಗೆ ಇದು ಸರಿಯಾದ ದಾರಿಯೇ. ಆದರೆ ಆ ಮೇವು ಆಕಾಶದಿಂದ ಬೀಳುವುದಿಲ್ಲ. ಅದಕ್ಕೆ ನೆಲ, ಕೊಳವೆಬಾವಿಯ ನೀರು, ಕೊಂಡು ತರುವ ಹಿಂಡಿ ಬೇಕು. 2019ರ ಜಾನುವಾರು ಗಣತಿಯಂತೆ ರಾಜ್ಯದಲ್ಲಿ ಸುಮಾರು 1 ಕೋಟಿ 11 ಲಕ್ಷ ಕುರಿಗಳಿವೆ, 60 ಲಕ್ಷಕ್ಕೂ ಹೆಚ್ಚು ಮೇಕೆಗಳಿವೆ. ಇವನ್ನೆಲ್ಲ ಕಟ್ಟಿ ಸಾಕುವ ಬಂಡವಾಳ ಅವುಗಳ ಒಡೆಯರಲ್ಲಿ ಬಹುಪಾಲಿನವರಿಗಿಲ್ಲ. ಮನುಷ್ಯ ತಿನ್ನಲಾಗದ ಹುಲ್ಲನ್ನು, ಮನುಷ್ಯ ಉಳಲಾಗದ ನೆಲದಿಂದ, ಮಳೆನೀರಿನಲ್ಲೇ ಮಾಂಸ, ಉಣ್ಣೆ, ಗೊಬ್ಬರ ಮಾಡಿಕೊಡುವುದು ಮೇಯುವ ಪ್ರಾಣಿಯ ದೊಡ್ಡ ಗುಣ. ಅದನ್ನು ಕಟ್ಟಿಹಾಕಿದರೆ ಆ ಗುಣವೇ ಹೋಯಿತು.

ಸರದಿ ಮೇವನ್ನು ಪವಾಡವೆಂದು ಮಾರುವವರೂ ಇದ್ದಾರೆ. ಜಿಂಬಾಬ್ವೆಯ ಅಲನ್ ಸೇವರಿ ಅವರ ವಿಧಾನ ಮರುಭೂಮಿಯನ್ನೇ ಹಸಿರಾಗಿಸುತ್ತದೆ ಎಂಬ ಮಾತು ಜಗತ್ತಿನ ತುಂಬ ಹರಡಿದೆ. ಡೇವಿಡ್ ಬ್ರಿಸ್ಕ್ ಮತ್ತು ಸಂಗಡಿಗರು 2008ರಲ್ಲಿ ದಶಕಗಳ ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗ, ದನಗಳ ಸಂಖ್ಯೆ ಒಂದೇ ಆಗಿದ್ದರೆ ಕಟ್ಟುನಿಟ್ಟಿನ ಸರದಿ ಪದ್ಧತಿಯಿಂದ ವಿಶೇಷ ಲಾಭ ಕಾಣಲಿಲ್ಲ. ಈ ಎಚ್ಚರವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ನೆಲ ತಾಳುವುದಕ್ಕಿಂತ ಹೆಚ್ಚು ದನವಿದ್ದರೆ ಯಾವ ಸರದಿಯೂ ಅದನ್ನು ಉಳಿಸದು. ಆದರೆ ಆ ಪ್ರಯೋಗಗಳು ಬಹುಪಾಲು ಒಬ್ಬ ಒಡೆಯನ, ಬೇಲಿ ಹಾಕಿದ ನೆಲದಲ್ಲಿ ನಡೆದವು. ಅಲ್ಲಿ ಹೋಲಿಸಿದ ನಿರಂತರ ಮೇವೂ ಹದವರಿತ ಮೇವೇ. ನಮ್ಮ ಗೋಮಾಳದಲ್ಲಿ ಇರುವುದು ಬಿಡುವೆಂಬುದೇ ಇಲ್ಲದ ಸ್ಥಿತಿ. ಇಲ್ಲಿ ಮುಂಗಾರಿನ ಕೆಲವು ತಿಂಗಳ ಬಿಡುವೂ ದೊಡ್ಡ ಬದಲಾವಣೆಯೇ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಭೂಹೀನರದು. ಬಗರ್ ಹುಕುಂ ಸಾಗುವಳಿಯನ್ನು ಸಕ್ರಮಗೊಳಿಸಲು ನಮೂನೆ 50, 53, 57ರ ಅರ್ಜಿಗಳನ್ನು ಸರ್ಕಾರ ಕರೆಯುತ್ತಲೇ ಬಂದಿದೆ. ತಲೆಮಾರುಗಳಿಂದ ನೆಲ ಕಾಣದ ದಲಿತ ಕುಟುಂಬವೊಂದು ಗೋಮಾಳದ ಎರಡು ಎಕರೆಯಲ್ಲಿ ರಾಗಿ ಬಿತ್ತಿದರೆ, ಹಕ್ಕಿಯ ಹೆಸರಿನಲ್ಲಿ ಅವರನ್ನು ಎಬ್ಬಿಸುವುದು ನ್ಯಾಯವಲ್ಲ. ಅವರ ಹಸಿವಿನ ಮುಂದೆ ಹುಲ್ಲಿನ ವೈವಿಧ್ಯವನ್ನು ಇಟ್ಟು ತೂಗುವ ಹಕ್ಕು ಊಟ ಮಾಡಿ ಕೂತ ನಮಗಿಲ್ಲ. ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಬಡವರ ತುಂಡುನೆಲದ ಜೊತೆಗೆ, ಅದರ ಮರೆಯಲ್ಲಿ, ಬಲಾಢ್ಯರು ಸೇರಿಸಿಕೊಂಡ ಹತ್ತಾರು ಎಕರೆಗಳೂ ಇವೆ. 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಊರಿನ ಸಾಮುದಾಯಿಕ ನೆಲದ ಒತ್ತುವರಿ ತೆರವಿಗೆ ಆದೇಶಿಸಿದಾಗಲೂ ಭೂಹೀನರಿಗೆ, ಪರಿಶಿಷ್ಟರಿಗೆ ಕೊಟ್ಟ ನೆಲಕ್ಕೆ ವಿನಾಯಿತಿ ಇಟ್ಟಿತ್ತು. ಎರಡನೆಯದು, ಎರಡು ಎಕರೆಯೂ ಸಿಗದ ಕುಟುಂಬಗಳ ಸಂಖ್ಯೆ ಸಿಕ್ಕವರಿಗಿಂತ ದೊಡ್ಡದು. ಅವರ ಬದುಕು ನಾಲ್ಕು ಮೇಕೆಗಳ ಮೇಲೆ ನಿಂತಿದೆ. ಕೊನೆಯ ಗೋಮಾಳ ಹಂಚಿಹೋದ ದಿನ ಮೊದಲು ಬೀಳುವವರು ಅವರೇ. ಹುಲ್ಲುಗಾವಲು ಭೂಹೀನರ ಭೂಮಿ.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದು ಉಳಿದಿರುವುದನ್ನು ಗುರುತಿಸಿ, ಅಳೆದು, ಪಾಳುಭೂಮಿಯ ಪಟ್ಟಿಯಿಂದ ಹೊರತರುವುದು. ಹುಲ್ಲುಗಾವಲು ಎಂಬ ಪ್ರತ್ಯೇಕ ವರ್ಗ ದಾಖಲೆಯಲ್ಲಿ ಬರುವವರೆಗೆ ಮಿಕ್ಕ ಯಾವ ಯೋಜನೆಗೂ ಬುಡವಿಲ್ಲ. ಅದರ ಮೇಲೆ ಮರ ನೆಡುವುದನ್ನೂ ಅತಿಕ್ರಮಣದಷ್ಟೇ ಗಂಭೀರವಾಗಿ ಕಾಣಬೇಕು. ವನಮಹೋತ್ಸವಕ್ಕೆ ಕಾವಲಿನಲ್ಲಿ ಗುಂಡಿ ತೋಡುವುದು ಕೃಷ್ಣಮೃಗದ ಮನೆಗೆ ಗುಂಡಿ ತೋಡಿದಂತೆ.

ಎರಡನೆಯದು ಬಿಡುವಿನ ಕಟ್ಟಳೆ. ಕಾವಲು, ಗೋಮಾಳಗಳ ಮೂರನೇ ಅಥವಾ ನಾಲ್ಕನೇ ಒಂದು ಪಾಲನ್ನು ಮೃಗಶಿರ ಮಳೆಯಿಂದ ಸ್ವಾತಿ ಮಳೆಯವರೆಗೆ ಯಾರೂ ಮುಟ್ಟದೆ ಬಿಡಬೇಕು. ಆ ಅವಧಿಯಲ್ಲಿ ಹುಲ್ಲು ತೆಂಡೆಯೊಡೆದು, ಹೂಬಿಟ್ಟು, ಬೀಜ ಕಟ್ಟುತ್ತದೆ. ನೆಲದ ಹಕ್ಕಿಗಳ ಮರಿಗಳೂ ಗೂಡು ಬಿಡುತ್ತವೆ. ಬೀಜ ಉದುರಿದ ಮೇಲೆ ಒಣಹುಲ್ಲನ್ನು ಮೇಯಿಸಿದರೆ ಗಿಡಕ್ಕೆ ಹೆಚ್ಚು ಹಾನಿಯಿಲ್ಲ. ಮರುವರ್ಷ ಬಿಡುವು ಇನ್ನೊಂದು ಪಾಲಿಗೆ. ಬಿಡುವಿನ ತಿಂಗಳುಗಳಲ್ಲಿ ಹಿಂಡಿಗೆ ಮೇವಿನ ಬೇರೆ ಏರ್ಪಾಡು ಮಾಡದೆ ಕಟ್ಟಳೆ ಹೇರಿದರೆ ಅದು ಕಾಗದದಲ್ಲೇ ಉಳಿಯುತ್ತದೆ. ಆದ್ದರಿಂದ ಕೆರೆಯಂಗಳ, ಬದು, ತೋಪುಗಳ ಮೇವನ್ನು ಆ ತಿಂಗಳುಗಳಿಗೆ ಜೋಡಿಸಬೇಕು. ದನ ನಾಲಗೆಯಿಂದ ಸುತ್ತಿ ಎಳೆದು ಮೇಯುತ್ತದೆ, ಕುರಿ ನೆಲಕ್ಕೆ ತಾಗಿ ಕತ್ತರಿಸುತ್ತದೆ, ಮೇಕೆ ಪೊದೆಯತ್ತ ತಲೆ ಎತ್ತುತ್ತದೆ. ಈ ವ್ಯತ್ಯಾಸ ಅರಿತು ಹಿಂಡುಗಳನ್ನು ಬಿಡುವುದು ಕುರಿಗಾಹಿಗಳಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ, ಅವರಿಂದ ಕೇಳಿ ತಿಳಿಯಬೇಕಾದ ವಿದ್ಯೆ. ಬಳ್ಳಾರಿ ಜಾಲಿಯನ್ನು ಮಾತ್ರ ದನಕ್ಕೆ ಬಿಡಲಾಗದು. ಅದರ ಕಾಯಿ ತಿಂದ ಪ್ರಾಣಿಯೇ ಬೀಜ ಹರಡುತ್ತದೆ. ಅದನ್ನು ಬೇರುಸಹಿತ ಕೀಳುವ ಕೆಲಸಕ್ಕೆ ಉದ್ಯೋಗ ಯೋಜನೆಗಳ ಕೂಲಿ ಸಿಗಬೇಕು.

ಮೂರನೆಯದು ಅಧಿಕಾರ. ಅರಣ್ಯ ಹಕ್ಕು ಕಾಯ್ದೆ 2006 ಅಲೆಮಾರಿ ಪಶುಪಾಲಕರ ಮೇವಿನ ಹಕ್ಕನ್ನು ಹೆಸರಿಸಿ ಮಾನ್ಯ ಮಾಡಿದೆ. ಬಳಕೆಯಲ್ಲಿ ಅದು ಬಯಲುಸೀಮೆಯ ಕುರಿಗಾಹಿಯನ್ನು ತಲುಪಿದ್ದು ಅತ್ಯಲ್ಪ. ವನ್ಯಜೀವಿ ಕಾಯ್ದೆಯ ಸಂರಕ್ಷಣಾ ಮೀಸಲು ಎಂಬ ವರ್ಗ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅಲ್ಲಿ ಜನರ ಹಕ್ಕು ಅಳಿಯುವುದಿಲ್ಲ, ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ಜಾಗವಿದೆ. ಮಧುಗಿರಿಯ ಮೈದನಹಳ್ಳಿಯ ಜಯಮಂಗಲಿ, ಕಡೂರಿನ ಬಾಸೂರು ಕಾವಲುಗಳು ಹೀಗೆ ಮೀಸಲಾಗಿವೆ. ಬೆಂಗಳೂರಿನ ಅಂಚಿನ ಹೆಸರಘಟ್ಟದ ಹುಲ್ಲುಗಾವಲಿಗೂ 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ಕೊಟ್ಟಿತು. ಇಂಥ ಸಮಿತಿಗಳಲ್ಲಿ ಹಿಂಡು ಕಾಯುವವರು ಕೂತು, ಯಾವ ಪಾಲನ್ನು ಯಾವಾಗ ತೆರೆಯಬೇಕೆಂಬುದನ್ನು ಅವರೇ ನಿರ್ಧರಿಸಬೇಕು. ಈ ಬಯಲುಗಳಲ್ಲಿ ಬದುಕುವ ತೋಳ ಕುರಿ ಹಿಡಿದರೆ ತಿಂಗಳೊಳಗೆ ಪರಿಹಾರ ಸಿಗಬೇಕು. ಇಲ್ಲದಿದ್ದರೆ ತೋಳವನ್ನು ಉಳಿಸುವ ಭಾರ ನಾಡಿನ ಬಡವರ ತಲೆಯ ಮೇಲೆ ಮಾತ್ರ ಬೀಳುತ್ತದೆ. ಮಂದೆ ನಿಲ್ಲಿಸಿಕೊಳ್ಳುವ ರೈತನಿಗೆ ರಾಸಾಯನಿಕ ಗೊಬ್ಬರದ ಸಬ್ಸಿಡಿಯ ಒಂದು ಪಾಲಿನಷ್ಟಾದರೂ ಪ್ರೋತ್ಸಾಹ ಕೊಡುವುದು ಸರ್ಕಾರಕ್ಕೆ ಭಾರವಲ್ಲ.

ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ನೆಲವನ್ನೂ ಅದನ್ನು ಮೇಯಿಸುವವರನ್ನೂ ಒಂದೇ ಹೆಸರಿನಲ್ಲಿ ಸೇರಿಸಿದ್ದರಲ್ಲಿ ಔಚಿತ್ಯವಿದೆ, ಏಕೆಂದರೆ ಒಬ್ಬರನ್ನು ಬಿಟ್ಟು ಇನ್ನೊಬ್ಬರು ಉಳಿಯುವುದಿಲ್ಲ. ಕರ್ನಾಟಕ ಆ ವರ್ಷವನ್ನು ಸಮಾರಂಭಗಳಲ್ಲಿ ಕಳೆಯಬಾರದು. ಉಳಿದಿರುವ ಯಾವ ಕಾವಲನ್ನೂ, ಎಷ್ಟೇ ದೊಡ್ಡ ಉದ್ದೇಶಕ್ಕಾದರೂ, ಸುತ್ತಲಿನ ಗ್ರಾಮಸಭೆಗಳ ಒಪ್ಪಿಗೆಯಿಲ್ಲದೆ ಹಂಚುವುದಿಲ್ಲ ಎಂಬ ಒಂದು ಕಾನೂನು ತರಲಿ. ಬಿಡುವಿನ ಪಾಠವನ್ನು ಹುಲ್ಲಿಗೆ ಕೊಡುವ ಮೊದಲು ಸರ್ಕಾರ ತಾನು ಕಲಿಯಬೇಕು. ಕಾವಲಿನ ಮೇಲಿಂದ ಅದರ ಕೈ ಸರಿದ ದಿನ, ಹಿಂಡನ್ನು ಎಲ್ಲಿಗೆ, ಯಾವಾಗ ಹೊಡೆಯಬೇಕೆಂದು ಬಲ್ಲವರು ಮಿಕ್ಕ ಕೆಲಸ ಮಾಡಬಲ್ಲರು.